ಮುಂದಿನ ಗಾಜಿನ ಪಟ್ಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಾರುಗಳನ್ನು ಮತ್ತೆ ಸಜ್ಜುಗೊಳಿಸುತ್ತಿರುವ ಓದುಗರ ಪತ್ರಗಳಲ್ಲಿ ಈ ಸಲ ವಿಂಡ್‌ಶೀಲ್ಡ್ ಸುತ್ತಲಿನ ಹೊಳೆಯುವ ಪಟ್ಟಿಯ ತಕರಾರೇ ಹೆಚ್ಚು. ಕೆಳಗೆ ಬೀಡಿಂಗ್ ಎಂದಲ್ಲಿ ಗಾಜು ಹಿಡಿಯುವ ರಬ್ಬರ್, ಪಟ್ಟಿ ಎಂದಲ್ಲಿ ಅದರ ಮೇಲಿನ ಟ್ರಿಮ್ ಎಂದು ಓದಿಕೊಳ್ಳಿ.

ಪ್ರಶ್ನೆ: ಪೇಂಟಿಂಗ್ ಮುಗಿದಿದೆ. ಹೊಸ ಬೀಡಿಂಗ್, ಗಾಜು, ಪಟ್ಟಿ ಮೂರೂ ಕೈಯಲ್ಲಿವೆ. ಗಾಜು ಕೂರಿಸಿ ಆಮೇಲೆ ಪಟ್ಟಿ ಒತ್ತಿದರಾಯಿತು ಎನ್ನುತ್ತಾರೆ ಒಬ್ಬ ಮೆಕ್ಯಾನಿಕ್. ಪಟ್ಟಿ ಮೊದಲೇ ಹಾಕದಿದ್ದರೆ ಮತ್ತೆ ಗಾಜು ತೆಗೆಯಬೇಕಾಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ನಿಜ, ಆದರೆ ಒಂದೇ ಕಾರಿಗಲ್ಲ. ಪಟ್ಟಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಮೊದಲು ನೋಡಿ, ಕ್ರಮ ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಮೂರು ಬಗೆ.

ಮೊದಲನೆಯದರಲ್ಲಿ ಪಟ್ಟಿಯ ಬೆನ್ನಿಗೆ ಬಾಣದ ತುದಿಯಂಥ ಅಥವಾ ಟಿ ಆಕಾರದ ಕಾಲಿರುತ್ತದೆ. ಅದು ಬೀಡಿಂಗ್‌ನ ಹೊರಮುಖದ ಗ್ರೂವ್‌ನೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಡೀಲಕ್ಸ್ ಮಾದರಿಗಳ ಅಲ್ಯೂಮಿನಿಯಂ ಪಟ್ಟಿ ಈ ಜಾತಿಯದು. ಇಲ್ಲಿ ಗಾಜಿಗೆ ಬೀಡಿಂಗ್, ಬೀಡಿಂಗ್‌ಗೆ ಪಟ್ಟಿ, ಆಮೇಲೆ ಮೂರನ್ನೂ ಒಟ್ಟಿಗೆ ಎತ್ತಿ ಹುರಿ ಎಳೆದು ಬಾಡಿಗೆ ಕೂರಿಸುವುದು. ಬಾಡಿಯ ತಗಡು ಬೀಡಿಂಗ್‌ನೊಳಗೆ ಕೂತ ಮೇಲೆ ರಬ್ಬರ್ ಎಲ್ಲ ಕಡೆಯಿಂದ ಅದುಮಿಕೊಂಡು ಹೊರಗಿನ ಗ್ರೂವ್ ಮುಚ್ಚಿಹೋಗುತ್ತದೆ. ಆಗ ಅದನ್ನು ಬಿಡಿಸಿ ತೆಳು ಅಲ್ಯೂಮಿನಿಯಂ ತುರುಕಲು ಹೋದರೆ ಪಟ್ಟಿ ಮಡಿಕೆ ಬೀಳುವುದು ಬಹುತೇಕ ಖಚಿತ.

ಎರಡನೆಯದು ಲಾಕಿಂಗ್ ಪಟ್ಟಿ. ಇದು ಬರೀ ಅಲಂಕಾರವಲ್ಲ. ಇದು ಒಳಗೆ ಹೋದಾಗಲೇ ಬೀಡಿಂಗ್ ಬಿಗಿದುಕೊಂಡು ಗಾಜನ್ನು ಹಿಡಿಯುವುದು. ಹಳೆಯ ಮಿನಿ ಕಾರಿನಲ್ಲಿ ಇರುವುದು ಹೀಗೆ: ಬಾಡಿಯ ತಗಡಿಗೆ ಬೀಡಿಂಗ್, ಅದರೊಳಕ್ಕೆ ಗಾಜು, ಕೊನೆಗೆ ಕ್ರೋಮ್ ಬಣ್ಣದ ಪ್ಲಾಸ್ಟಿಕ್ ಪಟ್ಟಿ. ಇಲ್ಲಿ ಪಟ್ಟಿ ಮೊದಲು ಹಾಕಿದರೆ ಗಾಜು ಒಳಗೆ ಹೋಗುವುದೇ ಇಲ್ಲ.

ಮೂರನೆಯದರಲ್ಲಿ ಪಟ್ಟಿಗೂ ರಬ್ಬರಿಗೂ ಸಂಬಂಧವಿಲ್ಲ. ಗಾಜು ಬ್ಯೂಟೈಲ್ ಟೇಪ್ (ಮೆತ್ತಗೇ ಉಳಿಯುವ ಜಿಗುಟು ರಬ್ಬರ್) ಅಥವಾ ಗಟ್ಟಿಯಾಗುವ ಯುರೆಥೇನ್ ಅಂಟಿನ ಮೇಲೆ ಕೂತಿರುತ್ತದೆ, ಸ್ಟೇನ್‌ಲೆಸ್ ಪಟ್ಟಿಯನ್ನು ಬಾಡಿಯ ಮೇಲಿನ ಕ್ಲಿಪ್‌ಗಳು ಹಿಡಿದಿರುತ್ತವೆ. 1960ರ ದಶಕದ ಕೊನೆ ಮತ್ತು 70ರ ದಶಕದ ಅಮೆರಿಕನ್ ಕಾರುಗಳಲ್ಲಿ ಇದು ಸಾಮಾನ್ಯ. ಕ್ಲಿಪ್, ಗಾಜು, ಅಂಟು ಗಟ್ಟಿಯಾಗಲು ಬಿಡುವು, ಕಡೆಗೆ ಪಟ್ಟಿ: ಇದು ಕ್ರಮ.

ನಿಮ್ಮದು ಯಾವುದೇ ಇರಲಿ, ಪೇಂಟಿಗೆ ಮೊದಲೇ ಒಮ್ಮೆ ಏನೂ ಹಚ್ಚದೆ ಒಣ ಜೋಡಣೆ ಮಾಡಿ ನೋಡಬೇಕಿತ್ತು. ಪೇಂಟ್ ಆಗಿಹೋಗಿದೆಯಾದ್ದರಿಂದ ಈಗಲಾದರೂ ಗಾಜಿನ ಬಾಯಿಯ ಸುತ್ತಲಿನ ತಗಡಿನ ಅಂಚನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಎರಡು ತಗಡು ಸೇರಿ ವೆಲ್ಡ್ ಆದ ಅಂಚು ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು. ಪುಟ್ಟಿ, ಪ್ರೈಮರ್, ಪೇಂಟ್ ಎಲ್ಲ ಸೇರಿ ಎಲ್ಲಾದರೂ ಅದು 3.5–4 ಮಿ.ಮೀ. ಆಗಿದ್ದರೆ ಬೀಡಿಂಗ್ ಅಲ್ಲಿ ತಳದವರೆಗೆ ಕೂರುವುದಿಲ್ಲ, ಅದರ ಮೇಲಿನ ಪಟ್ಟಿಯೂ ಅಲ್ಲೇ ಎದ್ದು ನಿಲ್ಲುತ್ತದೆ. ಪಟ್ಟಿಯ ತಪ್ಪು ಎಂದು ಬೈಸಿಕೊಳ್ಳುವ ಎಷ್ಟೋ ಉಬ್ಬುಗಳ ಮೂಲ ಈ ಪುಟ್ಟಿ. ಅಂಚಿನ ಮೇಲೆ ಪುಟ್ಟಿ ಇರಲೇಬಾರದು. ತಗಡು ಸರಿ ಮಾಡಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಪೇಂಟ್, ಅಷ್ಟೇ.

ಪ್ರಶ್ನೆ: ಬೀಟಲ್‌ಗೆ ಅಲ್ಯೂಮಿನಿಯಂ ಪಟ್ಟಿ ಹಾಕುತ್ತಿದ್ದೇನೆ. ಒಂದು ಕಡೆ ಒತ್ತಿ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಮೂಲೆಯಂತೂ ಕೂರುವುದೇ ಇಲ್ಲ. ರಬ್ಬರ್ ಮ್ಯಾಲೆಟ್‌ನಿಂದ ಮೆಲ್ಲಗೆ ತಟ್ಟಬಹುದೇ?

ಉತ್ತರ: ತಟ್ಟಬೇಡಿ. ಕೆಳಗಿರುವುದು ಗಾಜು, ಮೇಲಿರುವುದು ಒಮ್ಮೆ ಮಡಿಕೆ ಬಿದ್ದರೆ ಗುರುತು ಹೋಗದ ಲೋಹ.

ಮೊದಲು ಸರಿಯಾದ ಬೀಡಿಂಗ್ ಬಂದಿದೆಯೇ ನೋಡಿ. ಬೀಟಲ್‌ಗೆ ಪಟ್ಟಿಯ ಗ್ರೂವ್ ಇರುವ ಬೀಡಿಂಗೂ ಸಿಗುತ್ತದೆ, ಇಲ್ಲದ್ದೂ ಸಿಗುತ್ತದೆ. 1965ರ ಮಾದರಿಯಿಂದ ಗಾಜುಗಳು ದೊಡ್ಡದಾದವು, 1303 ಸೂಪರ್ ಬೀಟಲ್‌ನ ಮುಂದಿನ ಗಾಜು ಇನ್ನೂ ಹೆಚ್ಚು ಬಾಗಿದ್ದು. ಹಾಗಾಗಿ ವರ್ಷ ತಪ್ಪಿದರೆ ಬೀಡಿಂಗೂ ಪಟ್ಟಿಯೂ ಮೂಲೆಯಲ್ಲೇ ಹಟ ಹಿಡಿಯುತ್ತವೆ. ಪಟ್ಟಿಯನ್ನು ಬೀಡಿಂಗ್ ಇಲ್ಲದ ಬರಿ ಗಾಜಿನ ಮೇಲೆ ಇಟ್ಟು ನೋಡಿ. ಮೂಲೆಯ ಬಾಗು ಗಾಜಿನ ಬಾಗಿಗೆ ಸಮನಾಗಿ ಹೋಗಬೇಕು. ಹೋಗದಿದ್ದರೆ ಈಗಲೇ, ಬರಿಗೈಯಲ್ಲಿ, ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವಾಗಿ ಬಾಗಿಸಿ ಸರಿಮಾಡಿ. ಬೀಡಿಂಗ್ ಒಳಗೆ ಹೋದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡರೆ ಆ ಬಿಗಿ ಎಲ್ಲ ಒಂದೇ ಕಡೆ ಸೇರಿ ಪಟ್ಟಿ ಎದ್ದುಬರುತ್ತದೆ. ನಿಮಗೆ ಈಗ ಆಗುತ್ತಿರುವುದು ಅದೇ ಇರಬೇಕು.

ಅಗಲವಾದ ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ ಗಾಜನ್ನು ಉಬ್ಬಿದ ಮುಖ ಮೇಲಾಗಿ ಇಡಿ. ನಡುಭಾಗ ಕೆಳಗೆ ಟೊಳ್ಳಾಗಿರುವುದರಿಂದ ಅಲ್ಲಿಗೆ ಮಡಿಸಿದ ಬಟ್ಟೆ ಕೊಡಿ, ಇಲ್ಲದಿದ್ದರೆ ಒತ್ತಡವೆಲ್ಲ ಎರಡು ತುದಿಗೆ ಬೀಳುತ್ತದೆ. ಬೀಡಿಂಗನ್ನು ಮೂಲೆಗಳಿಂದ ಶುರುಮಾಡಿ ಹಾಕಿ. ಅಚ್ಚಿನಲ್ಲಿ ಮಾಡಿದ ಮೂಲೆ ಗಾಜಿನ ಮೂಲೆಗೇ ಕೂರಬೇಕು. ನೇರ ಭಾಗದಲ್ಲಿ ರಬ್ಬರನ್ನು ಎಳೆದು ಹಿಗ್ಗಿಸಬೇಡಿ. ಹಿಗ್ಗಿದ ರಬ್ಬರ್ ಕೆಲವೇ ದಿನದಲ್ಲಿ ತನ್ನ ಅಳತೆಗೆ ಮರಳುತ್ತದೆ, ಆಗ ಮೂಲೆಗಳು ಗಾಜಿನಿಂದ ಈಚೆಗೆ ಜಾರುತ್ತವೆ.

ಈಗ ಪಟ್ಟಿ. ರಬ್ಬರ್ ಬೆಚ್ಚಗಿರಬೇಕು: ಬಿಸಿಲಲ್ಲಿ ಅರ್ಧ ಗಂಟೆ, ಅಥವಾ ಕೈ ತಾಳುವಷ್ಟು, ಅಂದರೆ 40–45 ಡಿಗ್ರಿ ಬಿಸಿನೀರಿನ ಬಟ್ಟೆ. ತಣ್ಣಗಿನ ರಬ್ಬರ್‌ನ ತುಟಿ ತೆರೆದುಕೊಳ್ಳುವುದೇ ಇಲ್ಲ. ಗ್ರೂವ್ ಉದ್ದಕ್ಕೂ 3 ಮಿ.ಮೀ. ದಪ್ಪದ ನುಣುಪಾದ ನೈಲಾನ್ ಹುರಿ ಹೂತಿಡಿ, ತುದಿ ಹೊರಗೆ ಬಿಟ್ಟಿರಿ. ಸೋಪು ನೀರು ಹಚ್ಚಿ. ಪಟ್ಟಿಯ ಕಾಲಿನ ಒಂದು ಅಂಚನ್ನು ಗ್ರೂವ್‌ನ ಒಂದು ತುಟಿಯ ಅಡಿಗೆ ಓರೆಯಾಗಿ ತೂರಿಸಿ, ಇನ್ನೊಂದು ಅಂಚು ಹುರಿಯ ಮೇಲೆ ಬರಲಿ. ಒಂದು ಕೈಯಲ್ಲಿ ಪಟ್ಟಿಯನ್ನು ಮಟ್ಟಸವಾಗಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಹುರಿಯನ್ನು ಪಟ್ಟಿಯಿಂದ ಆಚೆಗೆ, ಮೇಲ್ಮುಖವಾಗಿ ಬಿಡಿಸುತ್ತಾ ಹೋದರೆ ಎರಡನೇ ತುಟಿ ಮಗುಚಿ ಕಾಲಿನ ಮೇಲೆ ಕೂರುವುದು ಕಣ್ಣಿಗೇ ಕಾಣುತ್ತದೆ. ಎಲ್ಲಾದರೂ ಒಂದು ಬೆರಳಿನಷ್ಟು ಜಾಗ ತಪ್ಪಿದರೆ ಮೊನೆಯಿಲ್ಲದ ಪ್ಲಾಸ್ಟಿಕ್ ಅಥವಾ ಬಿದಿರಿನ ಚಪ್ಪಟೆ ಕಡ್ಡಿಯಿಂದ ತುಟಿ ಎತ್ತಿ. ಸ್ಕ್ರೂಡ್ರೈವರ್ ಬೇಡ.

ಪಟ್ಟಿಯಲ್ಲೂ ಮೂಲೆಯೇ ಮೊದಲು. ಎರಡು ಮೂಲೆ ಕೂರಿಸಿ, ಆಮೇಲೆ ಅವುಗಳ ನಡುವಿನ ನೇರ ಭಾಗ. ಉದ್ದ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದರೆ ಅದನ್ನು ನೇರ ಭಾಗದ ಜೋಡುಮೂತಿ, ಅಂದರೆ ಎರಡು ತುದಿ ಸೇರುವ ಜಾಗ, ನುಂಗಿಕೊಳ್ಳುತ್ತದೆ, ಮೂಲೆ ನುಂಗುವುದಿಲ್ಲ. ಎರಡು ತುಂಡುಗಳು ಸೇರುವಲ್ಲಿ ಮೇಲೆ ಕೆಳಗೆ ಒಂದೊಂದು ಮುಚ್ಚುಗೆ ತುಂಡು ಬರುತ್ತದೆ. ಅದು ಪಟ್ಟಿಯ ಮೇಲೆ ಜಾರುವ ಬಗೆಯದ್ದಾದರೆ ಎರಡನೇ ತುಂಡು ಕೂರಿಸುವ ಮೊದಲೇ ಮೊದಲನೆಯದಕ್ಕೆ ಪೋಣಿಸಿಡಿ. ಆ ಮುಚ್ಚುಗೆ ಮೇಜಿನ ಮೇಲೇ ಉಳಿದು, ಎಲ್ಲ ಕೂತ ಮೇಲೆ ಕಣ್ಣಿಗೆ ಬೀಳುವುದು ಈ ಕೆಲಸದ ಹಳೆಯ ಕಾಟ. ಎರಡು ತುದಿಗಳ ನಡುವೆ 1.5–2 ಮಿ.ಮೀ. ಸಂದು ಬಿಡಿ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಒಂದೂವರೆ ಮೀಟರ್ ಪಟ್ಟಿ, 40 ಡಿಗ್ರಿ ವ್ಯತ್ಯಾಸ ಎಂದರೆ ಹತ್ತಿರ ಹತ್ತಿರ 1.4 ಮಿ.ಮೀ. ತುದಿಗೆ ತುದಿ ತಾಗಿಸಿ ಕೂರಿಸಿದ ಪಟ್ಟಿ ಕಡು ಬಿಸಿಲಲ್ಲಿ ನಿಂತಾಗ ನಡುವೆ ಎದ್ದು ಬಿಲ್ಲಿನಂತಾಗುವುದು ಇದೇ ಕಾರಣಕ್ಕೆ.

ಬಾಡಿಗೆ ಕೂರಿಸುವ ಹುರಿ ಬೇರೆ, 5 ಮಿ.ಮೀ. ದಪ್ಪದ್ದು. ಗಾಜಿನ ಸುತ್ತಳತೆಗಿಂತ ಒಂದು ಮೀಟರ್ ಉದ್ದವಿರಲಿ. ಬೀಡಿಂಗ್‌ನ ಬಾಡಿ ಗ್ರೂವ್‌ನಲ್ಲಿ ಸುತ್ತ ಹೂತು, ಎರಡು ತುದಿಗಳು ಕೆಳಗಿನ ನಡುವಿನಲ್ಲಿ ಒಂದರ ಮೇಲೊಂದು 20 ಸೆಂ.ಮೀ. ಹಾಯುವಂತೆ ಮಾಡಿ ಕಾರಿನೊಳಕ್ಕೆ ಬಿಡಿ. ಹೊರಗಿರುವವರು ಹುರಿ ಬಿಚ್ಚುತ್ತಿರುವ ಜಾಗದಲ್ಲೇ ಅಂಗೈ ಅಗಲಿಸಿ ಒತ್ತಬೇಕು. ಒಳಗಿರುವವರು ಹುರಿಯನ್ನು ನೇರ ತಮ್ಮ ಕಡೆಗೆ ಎಳೆಯದೆ ಗಾಜಿನ ಮಧ್ಯದತ್ತ, ಗಾಜಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಎಳೆಯಬೇಕು. ನೇರ ತಮ್ಮ ಕಡೆ ಎಳೆದರೆ ತಗಡಿನ ಅಂಚು ತುಟಿಯನ್ನು ಕತ್ತರಿಸಿಬಿಡುತ್ತದೆ. ಕೆಳಗಿನ ಅಂಚು ಪೂರ್ತಿ, ಆಮೇಲೆ ಎರಡು ಪಕ್ಕ ಸ್ವಲ್ಪ ಸ್ವಲ್ಪ ಸರದಿಯಲ್ಲಿ, ಕೊನೆಗೆ ಮೇಲಿನದು.

ಪ್ರಶ್ನೆ: ಬೀಡಿಂಗ್‌ಗೆ ಗ್ರೀಸ್ ಹಚ್ಚಿದರೆ ಸಲೀಸಾಗಿ ಜಾರುತ್ತದೆ ಎಂದು ಕೇಳಿದ್ದೇನೆ. ಪೆಟ್ರೋಲಿಯಂ ಜೆಲ್ಲಿ?

ಉತ್ತರ: ಎರಡೂ ಬೇಡ. ಈಗಿನ ಬೀಡಿಂಗ್‌ಗಳು ಹೆಚ್ಚಾಗಿ ಇಪಿಡಿಎಂ ರಬ್ಬರಿನವು. ಬಿಸಿಲು, ಓಝೋನ್ ತಡೆಯುವುದರಲ್ಲಿ ಅದಕ್ಕೆ ಸಮವಿಲ್ಲ, ಆದರೆ ಖನಿಜ ತೈಲ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲು, ನೀರು ಹತ್ತು ಪಾಲು ಸಾಕು. ಕೆಲವು ಲಿಕ್ವಿಡ್‌ಗಳಲ್ಲಿ ಉಪ್ಪಿನಂಶ ಇರುವುದರಿಂದ ಕೆಲಸ ಮುಗಿದ ಮೇಲೆ ಶುದ್ಧ ನೀರು ಹಾಯಿಸಿ ತೊಳೆಯಿರಿ. ಗ್ಲಿಸರಿನ್ ಕೂಡ ಆಗಬಹುದು, ಬೇಗ ಒಣಗುವುದಿಲ್ಲ. ಸಿಲಿಕೋನ್ ಸ್ಪ್ರೇ ರಬ್ಬರಿಗೆ ತೊಂದರೆ ಮಾಡದು, ಆದರೆ ಪೇಂಟ್ ಕೆಲಸ ಇನ್ನೂ ಬಾಕಿ ಇದ್ದರೆ ಆ ಡಬ್ಬಿಯನ್ನು ಶೆಡ್ಡಿನೊಳಗೇ ತರಬೇಡಿ. ಸಿಲಿಕೋನ್ ಕಣ ಬಿದ್ದ ಕಡೆ ಪೇಂಟ್ ಹಿಂಜರಿದು ಸಣ್ಣ ಸಣ್ಣ ಕುಳಿ ಬೀಳುತ್ತದೆ.

ಪ್ರಶ್ನೆ: ಮಿನಿಗೆ ಹೊಸ ಲಾಕಿಂಗ್ ಪಟ್ಟಿ ಹಾಕಿಸಿದೆ. ಹಾಕಿದ ದಿನ ತುದಿಗಳು ಚೆನ್ನಾಗಿ ಕೂಡಿಕೊಂಡಿದ್ದವು. ಒಂದು ತಿಂಗಳಲ್ಲಿ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದೆ. ಪಟ್ಟಿ ಕಳಪೆಯೇ?

ಉತ್ತರ: ಪಟ್ಟಿಗಿಂತ ಹಾಕಿದ ರೀತಿಯ ಮೇಲೆ ಅನುಮಾನ. ಪ್ಲಾಸ್ಟಿಕ್ ಪಟ್ಟಿಯನ್ನು ಅದನ್ನು ಕೂರಿಸಲೆಂದೇ ಇರುವ ಉಪಕರಣದ ಕಣ್ಣಿನೊಳಗೆ ತೂರಿಸಿ ಎಳೆಯುತ್ತಾ ಹೋಗುವಾಗ ಅದು ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಗ್ರೂವ್ ಅದನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ದಿನದ ಬಿಸಿಲಿಗೆ ಅದು ಮತ್ತೆ ಕುಗ್ಗಿದಾಗ ಲೆಕ್ಕ ಜೋಡುಮೂತಿಯಲ್ಲಿ ಬಯಲಾಗುತ್ತದೆ.

ಈಗಿರುವ ಸಂದಿಗೆ ಬೇರೆ ತುಂಡು ಸೇರಿಸಿದರೆ ಎರಡು ಗೆರೆ ಕಾಣುತ್ತವೆ. ಮೊದಲು ಒಂದು ಪ್ರಯತ್ನ ಮಾಡಿ: ಪಟ್ಟಿಯ ಇಕ್ಕೆಲಕ್ಕೂ ಸೋಪು ನೀರು ಇಳಿಸಿ, ಬೆಚ್ಚಗಿನ ಹೊತ್ತಿನಲ್ಲಿ, ಎರಡು ಕಡೆಯ ಮೂಲೆಗಳಿಂದ ಜೋಡುಮೂತಿಯ ಕಡೆಗೆ ಹೆಬ್ಬೆರಳಿನಿಂದ ತಳ್ಳುತ್ತಾ ಬನ್ನಿ. ಸಣ್ಣ ಸಂದಾದರೆ ಹೀಗೆ ಮುಚ್ಚಿಕೊಳ್ಳಬಹುದು. ಆಗದಿದ್ದರೆ ಹೊಸ ಪಟ್ಟಿಯೇ ದಾರಿ.

ಹೊಸದನ್ನು ಹಾಕುವಾಗ ಸುರುಳಿಯಿಂದ ಬಿಡಿಸಿ ಒಂದು ರಾತ್ರಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿಡಿ. ಉಪಕರಣದ ಕಣ್ಣು ಪಟ್ಟಿಯ ಅಗಲಕ್ಕೆ ಸರಿಹೊಂದಬೇಕು. ದೊಡ್ಡದಾದರೆ ತುಟಿ ಹರಿಯುತ್ತದೆ, ಚಿಕ್ಕದಾದರೆ ಪಟ್ಟಿ ಎಳೆದುಕೊಂಡು ಹೋಗುತ್ತದೆ. ಉಪಕರಣ ಒಂದು ಗೇಣು ಮುಂದೆ ಹೋದಾಗಲೆಲ್ಲ ನಿಂತು, ಕೂತ ಪಟ್ಟಿಯನ್ನು ಬೆರಳಿನಿಂದ ಹಿಂದಕ್ಕೆ ದೂಡಿ. ಸುತ್ತು ಮುಗಿದಾಗ 10 ಮಿ.ಮೀ. ಹೆಚ್ಚಿಟ್ಟು ಕತ್ತರಿಸಿ, ಆ ಹೆಚ್ಚುವರಿ ಎದ್ದು ನಿಂತಿರಲಿ. ಮರುದಿನ 2–3 ಮಿ.ಮೀ. ಮಾತ್ರ ಉಳಿಸಿ ಚೂಪಾದ ಬ್ಲೇಡಿನಲ್ಲಿ ನೇರ ಕತ್ತರಿಸಿ, ತುದಿಗಳನ್ನು ಒಂದಕ್ಕೊಂದು ಒತ್ತಿ ಒಳಗೆ ಹಾಕಿ. ಬೀಡಿಂಗ್‌ನ ಜೋಡಣೆ ಇರುವ ಜಾಗದಲ್ಲೇ ಪಟ್ಟಿಯ ಜೋಡುಮೂತಿ ಬರಬಾರದು. ಎರಡೂ ಒಂದೇ ಕಡೆ ಬಂದರೆ ನೀರಿಗೆ ನೀವೇ ಬಾಗಿಲು ತೆರೆದಂತೆ.

ಪ್ರಶ್ನೆ: ನನ್ನದು ಕ್ಲಿಪ್ ಮೇಲೆ ನಿಲ್ಲುವ ಸ್ಟೇನ್‌ಲೆಸ್ ಪಟ್ಟಿ. ಕೆಳಗೂ ಪಕ್ಕಕ್ಕೂ ಟಕ್ ಎಂದು ಕೂತಿತು. ಮೇಲಿನ ಪಟ್ಟಿ ಮಾತ್ರ ಕ್ಲಿಪ್‌ಗೆ ಸಿಗುತ್ತಿಲ್ಲ. ಒತ್ತಿದರೆ ಒಳಗೆ ಹೋಗಿ ಕೈ ಬಿಟ್ಟ ಕೂಡಲೇ ಎದ್ದು ಬರುತ್ತದೆ. ಕ್ಲಿಪ್ ಎಲ್ಲ ಹೊಸವು.

ಉತ್ತರ: ಮೂರು ಕಡೆ ಕೂತು ಒಂದು ಕಡೆ ಕೂರದಿದ್ದರೆ ಗಾಜಿನ ಎತ್ತರ ನೋಡಬೇಕು. ಮೇಲಿನ ಅಂಚಿನಲ್ಲಿ ಬ್ಯೂಟೈಲ್ ಟೇಪ್ ಅಥವಾ ಯುರೆಥೇನ್ ಸಾಕಷ್ಟು ಅದುಮಿಕೊಳ್ಳದೆ ಗಾಜು 2 ಮಿ.ಮೀ. ಮೇಲೆ ನಿಂತರೂ ಸಾಕು, ಪಟ್ಟಿ ಗಾಜಿಗೆ ತಗುಲಿ ಕ್ಲಿಪ್‌ನ ಮೂತಿಯವರೆಗೆ ತಲುಪುವುದಿಲ್ಲ. ಇನ್ನೊಂದು ಸಾಧ್ಯತೆ: ಗಾಜು ಮೇಲಕ್ಕೆ ಸರಿದು, ಗಾಜಿನ ಅಂಚಿಗೂ ಬಾಡಿಗೂ ನಡುವಿನ ಸಂದು ಮೇಲೆ ಕಿರಿದು ಕೆಳಗೆ ಅಗಲವಾಗಿರುವುದು. ಗಾಜು ಕೂರಿಸುವಾಗ ಕೆಳಗೆ ಇಡುವ ರಬ್ಬರ್ ಗಟ್ಟಿಗಳು ಇರುವುದೇ ಈ ಸಂದನ್ನು ಸುತ್ತಲೂ ಸಮ ಮಾಡುವುದಕ್ಕೆ. ಸುತ್ತಲೂ ಎಂಟು ಕಡೆ ಸಂದಿನ ಅಗಲವನ್ನೂ, ಗಾಜಿನ ಮೇಲ್ಮೈಯಿಂದ ಬಾಡಿಯ ಮಟ್ಟಕ್ಕೆ ಇರುವ ಆಳವನ್ನೂ ಅಳೆದು ಬರೆದುಕೊಳ್ಳಿ. ಉತ್ತರ ಆ ಹದಿನಾರು ಅಂಕಿಗಳಲ್ಲೇ ಇರುತ್ತದೆ.

ಬ್ಯೂಟೈಲ್ ಆಗಿದ್ದರೆ ಅದೃಷ್ಟ: ಗಾಜನ್ನೂ ಅಂಚನ್ನೂ ಬೆಚ್ಚಗೆ ಮಾಡಿ, ಇಬ್ಬರು ಅಂಗೈಯಿಂದ ನಿಧಾನಕ್ಕೆ, ಸಮನಾಗಿ ಒತ್ತಿದರೆ ಗಾಜು ಇಳಿಯುತ್ತದೆ. ಗಟ್ಟಿಯಾದ ಯುರೆಥೇನ್ ಆಗಿದ್ದರೆ ತಂತಿಯಿಂದ ಕೊಯ್ದು ಗಾಜು ತೆಗೆಯದೆ ಗತಿಯಿಲ್ಲ. ಪಟ್ಟಿಯನ್ನು ಅಂಟಿನಿಂದ ಅಂಟಿಸಿಬಿಡಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. ಮುಂದೆ ಗಾಜು ಬದಲಿಸಬೇಕಾದಾಗ ಪಟ್ಟಿ ಉಳಿಯುವುದಿಲ್ಲ, ಆದ್ದರಿಂದ ನಮ್ಮ ಮತ ಅದಕ್ಕಿಲ್ಲ.

ಅಳತೆ ಎಲ್ಲ ಸರಿ ಇದ್ದರೆ ಕ್ಲಿಪ್ ನೋಡಿ. ಒಂದೇ ಕಾರಿನಲ್ಲಿ ಮೇಲಿನ, ಪಕ್ಕದ, ಕೆಳಗಿನ ಕ್ಲಿಪ್‌ಗಳ ಎತ್ತರ ಬೇರೆ ಇರುವುದುಂಟು. ಕ್ಲಿಪ್ ತನ್ನ ಸ್ಟಡ್ (ಬಾಡಿಯ ತಗಡಿಗೆ ವೆಲ್ಡ್ ಮಾಡಿದ, ತಲೆಯಿರುವ ಸಣ್ಣ ಗೂಟ) ಮೇಲೆ ಪೂರ್ತಿ ಜಾರಿ ಕೂರದಿದ್ದರೂ ಪಟ್ಟಿಗೆ ಸಿಗುವುದಿಲ್ಲ. ಸ್ಟಡ್ ತಲೆಯ ಅಡಿಯಲ್ಲಿ ಪೇಂಟ್ ದಪ್ಪಗೆ ತುಂಬಿಕೊಂಡಿದ್ದರೆ ಹೀಗಾಗುತ್ತದೆ. ಪೇಂಟ್ ಮಾಡುವಾಗ ಸ್ಟಡ್ ಕುತ್ತಿಗೆಗೆ ಸಣ್ಣ ಟ್ಯೂಬ್ ತೊಡಿಸಿ ಮುಚ್ಚುವುದು ಇದಕ್ಕೇ.

ಈ ಪಟ್ಟಿಗಳ ಹಿಂದೆ ನೀರು ಹೋಗುವುದು ಸಹಜ, ಹೋಗಿ ಕೆಳಗೆ ಹರಿದುಹೋಗಬೇಕು. ಕಾರನ್ನು ತಿನ್ನುವುದು ಅಲ್ಲಿನ ತುಕ್ಕು. ಕ್ಲಿಪ್ ಪೇಂಟನ್ನು ಗೀರಿದ ಕಡೆ ಬರಿ ಉಕ್ಕು, ಪಕ್ಕದಲ್ಲಿ ಅಗಲವಾದ ಸ್ಟೇನ್‌ಲೆಸ್ ಪಟ್ಟಿ, ನಡುವೆ ಮಣ್ಣು ಬೆರೆತ ನೀರು. ದೊಡ್ಡ ಸ್ಟೇನ್‌ಲೆಸ್ ಮೈ ಚಿಕ್ಕ ಗೀರಿನ ಉಕ್ಕನ್ನು ಬೇಗ ಬೇಗ ಕರಗಿಸುತ್ತದೆ. ಬರಿ ಉಕ್ಕು ಒಂದೇ ಇದ್ದಿದ್ದರೆ ಅಷ್ಟು ಬೇಗ ಹೋಗುತ್ತಿರಲಿಲ್ಲ. ಆದ್ದರಿಂದ ಕ್ಲಿಪ್ ಕೂರುವ ಪ್ರತಿ ಜಾಗಕ್ಕೂ ಕಡಲೆಕಾಳಿನಷ್ಟು ಬ್ಯೂಟೈಲ್ ಇಟ್ಟು ಅದರ ಮೇಲೆ ಕ್ಲಿಪ್ ಒತ್ತಿ. ನೈಲಾನ್ ಕ್ಲಿಪ್ ಸಿಕ್ಕರೆ ಲೋಹದ್ದಕ್ಕಿಂತ ಒಳ್ಳೆಯದು. ಮುರಿದ ಸ್ಟಡ್ ಜಾಗದಲ್ಲಿ ಸ್ಕ್ರೂ ಹೊಡೆಯುವ ಕ್ಲಿಪ್ ಹಾಕುವುದು ಸುಲಭ, ಆದರೆ ಆ ತೂತು ನೇರ ಕಾರಿನೊಳಕ್ಕೆ. ಹಾಕಲೇಬೇಕಾದರೆ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಸ್ಕ್ರೂವಿಗೆ ಸೀಲೆಂಟ್ ಮೆತ್ತಿ ಬಿಗಿಯಿರಿ. ಪೇಂಟ್ ಇನ್ನೂ ಆಗಿಲ್ಲದಿದ್ದರೆ ಹೊಸ ಸ್ಟಡ್ ವೆಲ್ಡ್ ಮಾಡಿಸುವುದೇ ಸರಿ.

ತೆಗೆಯುವಾಗಲೂ ಎಚ್ಚರ. ಇದಕ್ಕೆಂದೇ ತುದಿಯಲ್ಲಿ ಕೊಕ್ಕೆಯಿರುವ ಚಪ್ಪಟೆ ಉಪಕರಣ ಬರುತ್ತದೆ. ಅದನ್ನು ಪಟ್ಟಿಯ ಅಡಿಗೆ ಗಾಜಿನ ಕಡೆಯಿಂದ ತೂರಿಸಿ, ಸರಿಸುತ್ತಾ ಕ್ಲಿಪ್ ಹುಡುಕಿ, ಕ್ಲಿಪ್‌ನ ನಾಲಗೆಯನ್ನು ಎಳೆದು ಬಿಡಿಸಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ರತಿ ಕ್ಲಿಪ್ ಇರುವಲ್ಲೂ ಪಟ್ಟಿಗೆ ಒಂದೊಂದು ಸೊಟ್ಟ.

ಪ್ರಶ್ನೆ: ಹಳೆಯ ಪಟ್ಟಿ ಮಂಕಾಗಿದೆ, ಎರಡು ಕಡೆ ನೆಗ್ಗಿದೆ. ಬಫಿಂಗ್ ಮಾಡಿಸಲೋ, ಕ್ರೋಮ್ ಪ್ಲೇಟಿಂಗ್ ಮಾಡಿಸಲೋ?

ಉತ್ತರ: ಲೋಹ ಯಾವುದೆಂದು ಮೊದಲು ತಿಳಿಯಿರಿ. ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಅಲ್ಯೂಮಿನಿಯಂ ಅಲ್ಲ, ಅಂಟಿತು ಎಂದ ಮಾತ್ರಕ್ಕೆ ಬರಿ ಕಬ್ಬಿಣವೂ ಅಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸಾಮಾನ್ಯವಾಗಿ ಮ್ಯಾಗ್ನೆಟ್‌ಗೆ ಅಂಟದು, 430 ಅಂಟುತ್ತದೆ. ತೂಕ ಒಳ್ಳೆಯ ಸುಳಿವು: ಅಲ್ಯೂಮಿನಿಯಂ ತೂಕ ಸ್ಟೇನ್‌ಲೆಸ್‌ನ ಮೂರನೇ ಒಂದು ಭಾಗದಷ್ಟೇ. ಗೀರಿದ ಕಡೆ ಹಳದಿ ಕಂಡು, ಮೇಲೆ ಹಸಿರು ಕಲೆ ಇದ್ದರೆ ಕ್ರೋಮ್ ಹಾಕಿದ ಹಿತ್ತಾಳೆ. ಪ್ಲೇಟಿಂಗ್ ಬೇಕಾಗಿರುವುದು ಅದಕ್ಕೆ ಮಾತ್ರ.

ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅನೋಡೈಸ್ ಪದರ, ಅಂದರೆ ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡಿನ ರಕ್ಷಣೆ, ಇರುತ್ತದೆ. ಮಂಕಾಗಿರುವುದು ಆ ಪದರ, ಮತ್ತು ಅದು ಲೋಹಕ್ಕಿಂತ ಗಟ್ಟಿ. ಹಾಗಾಗಿ ಪಾಲಿಶ್ ಎಷ್ಟು ಉಜ್ಜಿದರೂ ಹೊಳಪು ಬಾರದು, ಅಲ್ಲಲ್ಲಿ ಪದರ ಸವೆದು ಮಚ್ಚೆ ಮಚ್ಚೆಯಾಗುತ್ತದೆ. ಪದರ ತೆಗೆಯಲು ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹೊಯ್ಯಬಾರದು. ಪ್ಲಾಸ್ಟಿಕ್ ತೊಟ್ಟಿ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕೆಲಸ ಬಯಲಲ್ಲಿ. ಬರುವ ಗುಳ್ಳೆಗಳು ಹೈಡ್ರೋಜನ್, ಹತ್ತಿರ ಬೆಂಕಿ ಬೇಡ. ಮೊದಲು ಸುಮ್ಮನಿದ್ದು ಆಮೇಲೆ ಪಟ್ಟಿಯ ಉದ್ದಕ್ಕೂ ಸಮನಾಗಿ ಗುಳ್ಳೆ ಏಳತೊಡಗಿದರೆ ಪದರ ಹೋಗಿ ಬರಿ ಲೋಹ ಸಿಕ್ಕಿತು ಎಂದರ್ಥ. ಆ ಕ್ಷಣವೇ ತೆಗೆದು ಧಾರಾಳ ನೀರಲ್ಲಿ ತೊಳೆಯಿರಿ, ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ಪಾಲಿಶ್ ಆದ ಮೇಲೆ ಮತ್ತೆ ಅನೋಡೈಸ್ ಮಾಡಿಸಿ. ಬರಿ ವ್ಯಾಕ್ಸ್ ಹಚ್ಚಿ ಬಿಟ್ಟರೆ ಆಗಾಗ ಉಜ್ಜುತ್ತಿರಬೇಕು.

ಸ್ಟೇನ್‌ಲೆಸ್‌ನದ್ದು ಬೇರೆ ಕಥೆ, ಅದರಲ್ಲಿ ಸರಿಹೋಗದ ನೆಗ್ಗು ಕಡಿಮೆ. ಪಟ್ಟಿಯ ಮುಖವನ್ನು ಗಟ್ಟಿ ಮರದ ಮೇಲೆ ಇಟ್ಟು, ಹಿಂಬದಿಯಿಂದ ಮೊಂಡು ತುದಿಯ ಸಣ್ಣ ಪಂಚ್ ಇಟ್ಟು, ನೆಗ್ಗಿನ ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಏಟು ಹಾಕುತ್ತಾ ಬನ್ನಿ. ಮುಖಕ್ಕೆ ಮಾರ್ಕರ್ ಬಳಿದು ನಯವಾದ ಅರ ಒಮ್ಮೆ ಎಳೆದರೆ ಉಬ್ಬಿನ ಶಾಯಿ ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. ತಗ್ಗು ಮೇಲೆ ಬರುವವರೆಗೆ ಮತ್ತೆ ಹಿಂದಿನಿಂದ. ಅರದಲ್ಲಿ ಉಬ್ಬು ಕೊರೆದು ಮಟ್ಟ ಮಾಡುವ ಆಸೆ ಬೇಡ, ತಗಡು ತೆಳು, ತೂತಾಗುತ್ತದೆ. ಆಮೇಲೆ ವಾಟರ್ ಪೇಪರ್ 320, 400, 600, 800, 1000, 1500, ಉದ್ದಕ್ಕೆ ಮಾತ್ರ. ಒಂದು ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋದರೆ ಬಫಿಂಗ್ ಆದ ಮೇಲೆ ಅದೇ ಗೀರು ಹೊಳೆಯುತ್ತಾ ಕಾಣುತ್ತದೆ. ಬಫಿಂಗ್‌ಗೆ ಮೊದಲು ಸೈಸಲ್ (ಕತ್ತಾಳೆ ನಾರಿನ) ಚಕ್ರ, ಆಮೇಲೆ ಬಟ್ಟೆಯದು. ಪಟ್ಟಿಯನ್ನು ಅದರ ಆಕಾರದ ಮರದ ರೀಪಿಗೆ ಬಿಗಿದುಕೊಳ್ಳಿ. ಚಕ್ರ ಯಾವಾಗಲೂ ಅಂಚಿನಿಂದ ಹೊರಕ್ಕೆ ಓಡಬೇಕು. ಅಂಚಿನ ಕಡೆಗೆ ಓಡಿದರೆ ಪಟ್ಟಿಯನ್ನು ಕಚ್ಚಿ ಎಸೆಯುತ್ತದೆ, ಪಟ್ಟಿಯೂ ಹೋಯಿತು, ಕೈಗೂ ಅಪಾಯ. ಒಂದೇ ಕಡೆ ನಿಲ್ಲಿಸಿ ಒತ್ತಿದರೆ ಕಾದು ನೀಲಿ ಬಣ್ಣ ಏರುತ್ತದೆ.

ಪ್ರಶ್ನೆ: ಎಲ್ಲ ಚೆಂದ ಕೂತಿದೆ, ಮಳೆ ಬಂದರೆ ಎಡಗಡೆ ಕೆಳಮೂಲೆಯಲ್ಲಿ ನೀರು. ಸುತ್ತ ಸಿಲಿಕೋನ್ ಹೊಡೆದುಬಿಡಲೇ?

ಉತ್ತರ: ಸಿಲಿಕೋನ್ ಬೇಡ. ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಉಕ್ಕಿಗೆ ಅದು ಒಳ್ಳೆಯದಲ್ಲ. ಒಮ್ಮೆ ಮೆತ್ತಿದ ಮೇಲೆ ಚೂರೂ ಉಳಿಯದಂತೆ ತೆಗೆಯುವುದೂ ಕಷ್ಟ. ಬೀಡಿಂಗ್‌ಗೆ ಬೇಕಾದದ್ದು ಗಟ್ಟಿಯಾಗದೆ ಮೆತ್ತಗೇ ಉಳಿಯುವ ಗ್ಲೇಜಿಂಗ್ ಮ್ಯಾಸ್ಟಿಕ್. ಕಾರಿನ ಬಾಡಿ ಓಡುವಾಗ ತಿರುಚಿಕೊಳ್ಳುತ್ತದೆ, ಸೀಲೆಂಟ್ ಅದರ ಜೊತೆ ಮಿಸುಕಬೇಕು.

ಹಚ್ಚುವ ಮೊದಲು ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ ನೋಡಿ. ಬೀಡಿಂಗ್‌ನ ಒಳಗಿನ ಗ್ರೂವ್ ಸುತ್ತಲೂ ಹರಿಯುವ ಕಾಲುವೆಯೇ ಸರಿ. ಮೇಲಿನ ಬಲಮೂಲೆಯಲ್ಲಿ ಹೊಕ್ಕ ನೀರು ಕೆಳಗಿನ ಎಡಮೂಲೆಯಲ್ಲಿ ಇಳಿಯಬಹುದು. ವೈಪರ್ ಸ್ಪಿಂಡಲ್‌ನಿಂದಲೋ, ಬಾನೆಟ್ ಹಿಂದಿನ ಗಾಳಿಕಿಂಡಿಯಿಂದಲೋ ಬರುವ ನೀರೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಅವನ್ನೆಲ್ಲ ಟೇಪಿನಿಂದ ಮುಚ್ಚಿ. ಒಳಗೆ ಒಬ್ಬರು ಒಣ ಟಿಶ್ಯೂ ಹಿಡಿದು ಕೂರಲಿ. ಪೈಪಿನ ನೀರನ್ನು ಜೋರಿಲ್ಲದೆ, ಕೆಳಗಿನ ಅಂಚಿನಿಂದ ಶುರುಮಾಡಿ, ಒಂದೊಂದು ಅಡಿಗೆ ಎರಡು ಮೂರು ನಿಮಿಷ ನಿಲ್ಲಿಸುತ್ತಾ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯದು.

ರಬ್ಬರಿಗೂ ಗಾಜಿಗೂ ನಡುವೆ ಸುತ್ತಲೂ ಜಿನುಗುತ್ತಿದ್ದರೆ ಗಾಜಿನ ದಪ್ಪ ಅಳೆಯಿರಿ. ಹಳೆಯ ಲ್ಯಾಮಿನೇಟೆಡ್ ಗಾಜುಗಳಲ್ಲಿ 6 ಮಿ.ಮೀ. ಹತ್ತಿರದವು ಸಾಮಾನ್ಯ. ಹೊಸದಾಗಿ ಮಾಡಿದ್ದು 2.1 ಮಿ.ಮೀ.ನ ಎರಡು ಗಾಜು, ನಡುವೆ 0.76 ಮಿ.ಮೀ. ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಆಗಿದ್ದರೆ ಒಟ್ಟು 5 ಮಿ.ಮೀ. ಮಾತ್ರ. ದಪ್ಪ ಗಾಜಿಗೆಂದು ಮಾಡಿದ ಬೀಡಿಂಗ್ ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಮ್ಯಾಸ್ಟಿಕ್ ತುಂಬಿ ಕೆಲವು ಮಳೆ ಕಳೆಯಬಹುದು, ಶಾಶ್ವತ ಪರಿಹಾರ ಸರಿಯಾದ ಬೀಡಿಂಗ್.

ಹಚ್ಚುವ ವಿಧಾನ: ಟ್ಯೂಬಿನ ಮೂತಿಯನ್ನು ಚಪ್ಪಟೆ ಮಾಡಿ, ಕಡ್ಡಿಯಿಂದ ಹೊರ ತುಟಿ ಎತ್ತಿ, ಮೊದಲು ಗಾಜಿನ ಕಡೆ, ಆಮೇಲೆ ಬಾಡಿಯ ಕಡೆ, 4 ಮಿ.ಮೀ. ಎಳೆ ಬಿಡಿ. ತುಟಿ ಒತ್ತಿದಾಗ ಉಕ್ಕಿ ಬಂದದ್ದನ್ನು ವೈಟ್ ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ. ಬಟ್ಟೆ ತೊಟ್ಟಿಕ್ಕಬಾರದು, ಗಾಜಿನ ಅಂಚಿನಲ್ಲಿ ಸಾಲ್ವೆಂಟ್ ನಿಂತರೆ ಪಿವಿಬಿ ಹಾಳೆ ಬೆಳ್ಳಗಾಗಿ ಬಿಟ್ಟುಕೊಳ್ಳುತ್ತದೆ. ಪಟ್ಟಿಯ ಗ್ರೂವ್‌ಗೆ ಸೀಲೆಂಟ್ ತುಂಬಬೇಡಿ, ಅಲ್ಲಿ ನೀರು ನಿಲ್ಲದೆ ಹೊರಹೋಗಲು ದಾರಿ ಇರಲಿ.

ಪ್ರಶ್ನೆ: ಗಾಜು ಕೂರಿಸಿದಾಗ ಏನೂ ಇರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಅಂಚಿನಿಂದ ಒಂದು ಗೆರೆ ಬಿಟ್ಟಿದೆ. ಕಲ್ಲು ಬಿದ್ದ ಗುರುತಿಲ್ಲ.

ಉತ್ತರ: ಏಟಿನ ಗುರುತಿಲ್ಲದೆ ಅಂಚಿನಿಂದ ಹೊರಟ ಗೆರೆ ಎಂದರೆ ಅಲ್ಲಿ ಗಾಜು ಬಿಗಿತದಲ್ಲಿತ್ತು. ಅದರ ಬುಡದಲ್ಲೇ ಹುಡುಕಿ: ವೆಲ್ಡ್ ಗುಬುಟು, ಗಟ್ಟಿಯಾದ ಹಳೆ ಸೀಲೆಂಟ್, ಪುಟ್ಟಿ ಉಂಡೆ, ಅಥವಾ ಲೋಹದ ಪಟ್ಟಿಯ ಮೂಲೆ ನೇರ ಗಾಜಿಗೆ ತಾಗಿರುವುದು, ಇವುಗಳಲ್ಲೊಂದು ಸಿಗುತ್ತದೆ. ಪಿಲ್ಲರ್ ಬದಲಿಸಿದ ಅಥವಾ ಹಿಂದೆ ಅಪಘಾತವಾದ ಕಾರಾದರೆ ಗಾಜು ಕೂರುವ ಬಾಯಿಯೇ ತಿರುಚಿರಬಹುದು. ಹೊಸ ಗಾಜನ್ನು ಮೊದಲು ಬೀಡಿಂಗ್ ಇಲ್ಲದೆ, ಒಂದೇ ದಪ್ಪದ ಆರು ರಬ್ಬರ್ ತುಂಡುಗಳ ಮೇಲೆ ಬಾಡಿಯಲ್ಲಿ ಇಟ್ಟು ನೋಡಿ. ಎದುರುಬದುರು ಮೂಲೆ ಒತ್ತಿದಾಗ ಗಾಜು ತೊಯ್ದಾಡಿದರೆ ಅಥವಾ ಸುತ್ತಲಿನ ಸಂದಿನಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುಪೇರಿದ್ದರೆ ಕೂರಿಸಬೇಡಿ, ಟಿಂಕರಿಂಗ್ ಮಾಡುವವರನ್ನು ಕರೆಯಿರಿ. ಗಾಜಿನ ಅಂಚಿನ ಸುತ್ತ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡ ಕಡೆ ಚಕ್ಕೆ ಎದ್ದಿರುತ್ತದೆ, ಗೆರೆ ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ: ಪಟ್ಟಿ ಸಿಗುತ್ತಲೇ ಇಲ್ಲ. ಗ್ರೂವ್ ಇರುವ ಬೀಡಿಂಗನ್ನೇ ಪಟ್ಟಿಯಿಲ್ಲದೆ ಹಾಕಿ ಓಡಿಸಬಹುದೇ?

ಉತ್ತರ: ಲಾಕಿಂಗ್ ಪಟ್ಟಿಯ ಬಗೆಯಾದರೆ ಖಂಡಿತ ಬೇಡ, ಗಾಜನ್ನು ಬಿಗಿಯಾಗಿ ಹಿಡಿಯುವುದು ಅದೇ. ಬರೀ ಅಲಂಕಾರದ ಪಟ್ಟಿಯಾದರೆ ಗಾಜು ನಿಲ್ಲುತ್ತದೆ, ಆದರೆ ತೆರೆದ ಗ್ರೂವ್‌ನಲ್ಲಿ ನೀರು, ದೂಳು ಕೂತು ತುಟಿ ಬಾಯ್ದೆರೆಯುತ್ತದೆ. ಆ ಕಾರಿಗೆ ಗ್ರೂವ್ ಇಲ್ಲದ ಬೀಡಿಂಗ್ ಬರುತ್ತದೆಯೇ ವಿಚಾರಿಸಿ, ಬಂದರೆ ಅದನ್ನೇ ಹಾಕಿ. ಮುಂದೆ ಪಟ್ಟಿ ಸಿಕ್ಕರೆ ಬೀಡಿಂಗ್ ಬದಲಿಸಿ ಗಾಜನ್ನು ಮತ್ತೆ ಕೂರಿಸಬೇಕಾಗುತ್ತದೆ. ಅದಕ್ಕಾಗಿ ಈಗ ಯುರೆಥೇನ್ ಹಾಕದೆ ಮ್ಯಾಸ್ಟಿಕ್ ಮಾತ್ರ ಬಳಸಿ.